ಎಷ್ಟು ಕುರಿ ಎಂದು ಕೇಳಿದ ಮಳೆಗಾಲ

ಕಳೆದ ತಿಂಗಳು ಹತ್ತರಗಿಯಲ್ಲಿ ಹೆದ್ದಾರಿಯ ಪಕ್ಕ ನಿಂತು ಗೋಕಾಕದ ಬಸ್ಸು ಹತ್ತಿದೆ. ಹೊರಗೆ ಜಿಟಿಜಿಟಿ ಮಳೆ. ಸ್ವಲ್ಪ ಮುಂದೆ ಒಬ್ಬ ಮುದುಕ ಹತ್ತಿ, ತೊಯ್ದ ಕಂಬಳಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕುಳಿತ. ನಾನು ಮೊದಲು ಮಾಡಿದ ಕೆಲಸವೆಂದರೆ ನನ್ನ ಚೀಲವನ್ನು ಈಚೆ ಎಳೆದುಕೊಂಡದ್ದು. ಕಂಬಳಿಯ ನೀರು ಚೀಲಕ್ಕೆ ಇಳಿದೀತು ಎಂಬ ಸಂಶಯ ಒಂದು, ಮುದುಕನ ಕೈಯ ಮೇಲಿನ ಸಂಶಯ ಇನ್ನೊಂದು. ಕಳುವಾಗುವಂಥದ್ದು ಚೀಲದಲ್ಲಿ ಏನೂ ಇರಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದ್ದ ಎರಡು ಹಳೆಯ ಹಾಳೆಗಳು, ಒಂದು ಛತ್ರಿ, ಅಷ್ಟೇ.

ಆಮೇಲೆ ಕಂಬಳಿಯ ವಾಸನೆ ಬಂತು. ಉಣ್ಣೆ, ಮಳೆ, ಕುರಿ, ಹೊಗೆ ಎಲ್ಲ ಕೂಡಿದ ವಾಸನೆ. ಏಳು ವರ್ಷಗಳ ಹಿಂದೆ ಮೂಡಲಗಿಯಲ್ಲಿ ಕಳೆದ ಒಂದು ಮಳೆಗಾಲ ಹಾಗೇ ಎದುರಿಗೆ ಬಂದು ನಿಂತಿತು. ಆ ಹಾಳೆಗಳೂ ಅದೇ ಮಳೆಗಾಲದವು.

ನಾನು ಭೌತಶಾಸ್ತ್ರ ಕಲಿಸುವವಳು. ತವರು ಹುಕ್ಕೇರಿ. ಹಾಲಿನವನು ಹಾಲು ಹಾಕಿದರೆ ಬೆರಳದ್ದಿ ನೋಡುವವಳು, ಕಂಡಕ್ಟರ್ ಚೀಟಿ ಕೊಟ್ಟರೆ ಊರಿನ ಹೆಸರು ಎರಡು ಸಲ ಓದುವವಳು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನನಗಾಗಿಯೇ ಮಾಡಿದ್ದಾರೆ ಎಂದುಕೊಂಡಿದ್ದೆ. ನಮ್ಮವ್ವ ಮಾತ್ರ, “ನಿನಗ ದೇವರು ಪ್ರತ್ಯಕ್ಷ ಆದ್ರೂ ಆಧಾರ ಕಾರ್ಡ್ ಕೇಳ್ತಿ ನೋಡು” ಎಂದು ಬೈಯುತ್ತಿದ್ದಳು. ಇಂಥವಳಿಗೆ ವಿಜ್ಞಾನ ಸರಿಯಾದ ಜಾಗವೇ. ಮನುಷ್ಯರ ನಡುವೆ ಇದೇ ಗುಣ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದು ನನಗೆ ಗೊತ್ತಾದದ್ದು ಆ ವರ್ಷ.

ಜೂನ್‌ನಲ್ಲಿ ಮೂಡಲಗಿಯ ಒಂದು ಪಿಯು ಕಾಲೇಜಿಗೆ ವರ್ಗವಾಗಿ ಹೋದೆ. ಸ್ಟಾಫ್ ರೂಮಿನಲ್ಲಿ ನನ್ನ ಎದುರಿನ ಕುರ್ಚಿ ಗಣಿತದ ಕಲ್ಲಪ್ಪ ಸರ್ ಅವರದು. ಗೋಕಾಕದ ವ್ಯಾಪಾರದ ಮನೆತನ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಡಬ್ಬಿಯಲ್ಲಿ ಎಲ್ಲರಿಗೂ ಆಗುವಷ್ಟು ಚುರಮುರಿ. ಯಾರನ್ನೂ ಸಂಶಯದಿಂದ ನೋಡದ ಮನುಷ್ಯ. ಹೀಗಾಗಿ ಅವರ ಮೇಲೂ ನನಗೆ ಸಂಶಯವಿತ್ತು.

ನಮ್ಮಿಬ್ಬರ ಜಗಳ ಶುರುವಾದದ್ದು ಚಹಾದ ಹೊತ್ತಿನಲ್ಲಿ. ಅವರಿಗೆ ಸಾಪೇಕ್ಷತೆಯ ಸಿದ್ಧಾಂತದ ಮೇಲೆ ಭಕ್ತಿ, ನನಗೆ ಕ್ವಾಂಟಂ ಮೇಲೆ ಪ್ರೀತಿ.

“ಅಲ್ರಿ ಮೇಡಂ,” ಅನ್ನುತ್ತಿದ್ದರು ಸರ್, “ನಾವಿಲ್ಲಿ ಕುಂತು ಚಹಾ ಕುಡಿಯಾಕತ್ತೇವಿ. ಅಲ್ಲಿ ಘಟಪ್ರಭಾ ಹೊಳಿ ಹರಿಯಾಕತ್ತೈತೋ ಇಲ್ಲೋ?”

“ಹೊಳಿ ದೊಡ್ಡ ಪದಾರ್ಥ ಸರ್. ನಾ ಹೇಳೋದು ಎಲೆಕ್ಟ್ರಾನಿನ ಮಾತು. ನೀವು ಹುಡುಕೂ ಮಟಾ ಅದಕ್ಕ ಇಂಥಾದ್ದ ಜಾಗಾ ಅಂತ ಇರಂಗಿಲ್ಲ.”

“ಹುಡುಕಿದ ಮ್ಯಾಲೆ ಸಿಕ್ತು ಅಂದ್ರ ಮೊದಲ ಅಲ್ಲೇ ಇತ್ತು. ಮನ್ಯಾಗ ಚಾವಿ ಹುಡುಕಿದಂಗ.”

“ಅದು ಚಾವಿ ಅಲ್ರಿ ಸರ್!”

ಅವರ ವಾದ ಸರಳ. ಓಡುವವನ ಗಡಿಯಾರ ನಿಧಾನವಾಗಬಹುದು, ಗುಡ್ಡದ ಮೇಲಿನ ಗಡಿಯಾರ ಕೆಳಗಿನದಕ್ಕಿಂತ ಕೂದಲೆಳೆಯಷ್ಟು ಮುಂದೆ ಹೋಗಬಹುದು, ಆದರೆ ನಡೆದದ್ದು ನಡೆದದ್ದೇ. ಯಾರು ನೋಡಲಿ ಬಿಡಲಿ, ಜಗತ್ತು ತನ್ನಷ್ಟಕ್ಕೆ ಇದೆ. ನನ್ನ ವಾದ ಅದರ ತದ್ವಿರುದ್ಧ. ಕಣಗಳ ಲೋಕದಲ್ಲಿ ಕೇಳುವವರೆಗೆ ಉತ್ತರವೇ ಇಲ್ಲ. ಕೇಳುವುದೇ ಒಂದು ಕೈವಾಡ. ಒಂದು ಸಿದ್ಧಾಂತ ಭಾರಿ ವಸ್ತುಗಳ ಲೋಕದಲ್ಲಿ ಸೋತಿಲ್ಲ, ಇನ್ನೊಂದು ಅತಿ ಸಣ್ಣವುಗಳ ಲೋಕದಲ್ಲಿ ಸೋತಿಲ್ಲ. ಎರಡನ್ನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಲು ಜಗತ್ತಿನಲ್ಲಿ ಇನ್ನೂ ಯಾರಿಗೂ ಆಗಿಲ್ಲ. ನಮಗಿಬ್ಬರಿಗೆ ಚಹಾದ ಹತ್ತು ನಿಮಿಷದಲ್ಲಿ ಆದೀತೇ?

ಒಂದು ದಿನ ಸರ್ ಚಹಾದ ಲೋಟ ಕೆಳಗಿಟ್ಟು ಹೇಳಿದರು: “ಪಾಠದಾಗ, ಕೇಳೂ ಮಟಾ ಉತ್ತರ ಇರಂಗಿಲ್ಲ ಅಂತೀರಿ. ಹುಡುಗರ ವಿಷಯದಾಗ ಮಾತ್ರ ಕೇಳೂ ಮೊದಲ ಕಳ್ಳರು ಅಂತ ಬರದಿಟ್ಟಿರತೀರಿ. ಇದ್ಯಾವ ಕ್ವಾಂಟಂ ಮೇಡಂ?”

ನಾನು ಬಿಡುವವಳೇ? “ನೀವೂ ಹಂಗ ಅಲ್ಲೇನ್ರಿ ಸರ್? ಜಗತ್ತು ಮೊದಲ ನಿಕ್ಕಿ ಆಗೇತಿ ಅಂತೀರಿ, ಹುಡುಗರು ನಾವು ಹೆಂಗ ನೋಡ್ತೀವಿ ಹಂಗ ಆಗ್ತಾರ ಅಂತೀರಿ” ಎಂದೆ. ಇಬ್ಬರೂ ನಕ್ಕೆವು. ಆ ನಗು ಆಗಸ್ಟ್‌ವರೆಗೆ ನಡೆಯಿತು.

ಆಗಸ್ಟ್‌ನಲ್ಲಿ ವಿದ್ಯಾರ್ಥಿಗಳ ವಿಜ್ಞಾನ ಭಾಷಣ ಸ್ಪರ್ಧೆಯ ಸುತ್ತೋಲೆ ಬಂತು. ಕಾಲೇಜಿಗೆ ಒಬ್ಬರೇ ಜಿಲ್ಲೆಗೆ ಹೋಗಬೇಕು. ವಿಷಯ ನಮ್ಮ ಜಗಳದ್ದೇ: ಭೌತಶಾಸ್ತ್ರದ ಎರಡು ಸಿದ್ಧಾಂತಗಳು ಒಂದೇ ಜಗತ್ತನ್ನು ಬೇರೆ ಬೇರೆಯಾಗಿ ಯಾಕೆ ಹೇಳುತ್ತವೆ? ಆಸೆ ಇದ್ದವರು ಎರಡು ಪುಟ ಬರೆದು ತನ್ನಿ, ನಾನು ಆರಿಸುತ್ತೇನೆ ಎಂದೆ. ಒಂಬತ್ತು ಮಂದಿ ತಂದರು. ಎಂಟು ಒಂದೇ ಗೈಡಿನಿಂದ ಇಳಿಸಿದ್ದು. ಅಕ್ಷರ ಮಾತ್ರ ಬೇರೆ.

ಒಂಬತ್ತನೆಯದು ಮಾಳವ್ವನದು. ಮಮದಾಪುರದ ಕಡೆಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಡುಗಿ, ಕುರಿ ಸಾಕುವ ಮನೆತನ. ಮಳೆ ಬಂದ ದಿನ ಮುತ್ಯಾನ, ಅಂದರೆ ಅಜ್ಜನ, ಕಂಬಳಿ ಹೊದ್ದು ಬಂದು, ಅದನ್ನು ಕೊನೆಯ ಬೆಂಚಿನ ಹಿಂದಿನ ಕಿಟಕಿಗೆ ಹಾಕುತ್ತಿದ್ದಳು. ಮುಂದಿನ ಬೆಂಚಿನ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ತರಗತಿಯಲ್ಲಿ ಅವಳು ಬಾಯಿ ಬಿಟ್ಟದ್ದು ನನಗೆ ನೆನಪಿರಲಿಲ್ಲ. ಅವಳು ಬರೆದದ್ದರಲ್ಲಿ ಹೀಗಿತ್ತು:

‘ನಮ್ಮ ಮುತ್ಯಾ ಕುರಿ ಎಣಿಸುವುದಿಲ್ಲ. ಸಂಜೆ ಕುರಿ ಕೂಡುವ ದಡ್ಡಿಯ ಹತ್ತಿರ ನಿಂತು ಇಡೀ ಹಿಂಡನ್ನು ಒಮ್ಮೆ ನೋಡುತ್ತಾನೆ. ಮೋಟಕಿವಿಯ ಕುರಿ ಬಂದಿಲ್ಲ ಎನ್ನುತ್ತಾನೆ. ನಮ್ಮ ಕಾಕಾ ದಡ್ಡಿಯ ಬಾಯಲ್ಲಿ ನಿಂತು ಒಂದೊಂದನ್ನೇ ಒಳಗೆ ಬಿಡುತ್ತಾನೆ, ಹತ್ತಕ್ಕೊಂದು ಹರಳು ಜೇಬಿಗೆ ಹಾಕುತ್ತಾನೆ. ಒಂದು ಕಡಿಮೆ ಎನ್ನುತ್ತಾನೆ. ಮುತ್ಯಾನಿಗೆ ಹಿಂಡು ಕಾಣುತ್ತದೆ, ಎಣಿಕೆ ಇಲ್ಲ. ಕಾಕಾನ ಹತ್ತಿರ ಎಣಿಕೆ ಇದೆ. ಆದರೆ ಎಣಿಸುವಾಗ ಹಿಂಡು ಹಿಂಡಾಗಿರುವುದಿಲ್ಲ, ಸಾಲಾಗಿರುತ್ತದೆ. ಇಬ್ಬರೂ ಇಂದಿನವರೆಗೆ ತಪ್ಪಿಲ್ಲ. ಇಬ್ಬರೂ ಜಗಳವಿಲ್ಲದೆ ಉಂಡಿಲ್ಲ. ಗಬ್ಬದ ಕುರಿ ಬಂದಾಗ ಮಾತ್ರ ಇಬ್ಬರೂ ಸುಮ್ಮನಾಗುತ್ತಾರೆ. ಅದು ಒಂದೋ, ಎರಡೋ? ಕಪ್ಪು ಕುಳಿ ಮತ್ತು ಜಗತ್ತು ಹುಟ್ಟಿದ ಗಳಿಗೆ ಭೌತಶಾಸ್ತ್ರದ ಗಬ್ಬದ ಕುರಿಗಳು. ಅಲ್ಲಿ ಬಹಳ ಭಾರ ಬಹಳ ಸಣ್ಣ ಜಾಗದಲ್ಲಿದೆ. ಅಲ್ಲಿ ಇಬ್ಬರೂ ಕೂಡಿಯೇ ನೋಡಬೇಕು.’

ಓದಿ ನನಗೆ ಮೈ ಜುಂ ಎಂದಿತು. ಎಂ.ಎಸ್ಸಿ. ಓದುವಾಗ ನನಗೆ ಎರಡು ವರ್ಷ ತಿಳಿಯದ್ದನ್ನು ಯಾರೋ ಎರಡು ಪುಟದಲ್ಲಿ ಹೇಳಿದ್ದರು. ಸಂತೋಷ ಎಷ್ಟು ಹೊತ್ತು ಇತ್ತು? ಹಾಳೆ ತಿರುಗಿಸುವಷ್ಟು ಹೊತ್ತು. ಆಮೇಲೆ, ಆ ಯಾರೋ ಯಾರು ಎಂಬ ಪ್ರಶ್ನೆ ಎದ್ದಿತು.

ಫೋನಿನಲ್ಲಿ ಸಾಲು ಸಾಲಾಗಿ ಹಾಕಿ ಹುಡುಕಿದೆ. ಎಲ್ಲೂ ಸಿಗಲಿಲ್ಲ. ಸಿಗದಿದ್ದರೆ ಸಂಶಯ ಹೋಗಬೇಕಲ್ಲ? ನನ್ನದು ಹೆಚ್ಚಾಯಿತು. ಅಚ್ಚಿನಲ್ಲಿ ಇಲ್ಲವೆಂದರೆ ಯಾರೋ ಪಕ್ಕದಲ್ಲಿ ಕೂತು ಬರೆದುಕೊಟ್ಟಿದ್ದಾರೆ. ಹಿಂದಿನ ವಾರ ಲೈಬ್ರರಿಯಲ್ಲಿ ಕಲ್ಲಪ್ಪ ಸರ್ ಮಾಳವ್ವನಿಗೆ ಎರಡು ಪುಸ್ತಕ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಎಣಿಸದೆ ನೋಡುವ, ಅಂದರೆ ಸರ್ ಪಕ್ಷದ, ಮುತ್ಯಾನ ಮೇಲೆ ಬರಹದಲ್ಲಿ ಸ್ವಲ್ಪ ಹೆಚ್ಚು ಪ್ರೀತಿ ಇದ್ದದ್ದೂ ಕಂಡಿತು. ನನ್ನ ಮೇಲೆ ವಾದ ಗೆಲ್ಲಲು ಸರ್ ಹುಡುಗಿಯ ಕೈಯಲ್ಲಿ ಬರೆಸಿದ್ದಾರೆ! ಕೆಂಪು ಪೆನ್ನು ತೆಗೆದು ಹಾಳೆಯ ತಲೆಯ ಮೇಲೆ ‘ಬರೆದವರು ಯಾರು?’ ಎಂದು ಬರೆದೆ.

ಮರುದಿನ ಮಾಳವ್ವನನ್ನು ಸ್ಟಾಫ್ ರೂಮಿಗೆ ಕರೆಸಿದೆ. ಸರ್ ಕ್ಲಾಸಿಗೆ ಹೋದ ಹೊತ್ತು ನೋಡಿಯೇ ಕರೆಸಿದ್ದೆ.

“ಇದು ನೀ ಬರದದ್ದ?”

“ಹೌದ್ರಿ ಮೇಡಂ.”

“ನಿಮ್ಮ ಹಿಂಡಿನ್ಯಾಗ ಎಷ್ಟು ಕುರಿ ಅದಾವ?”

ಹುಡುಗಿ ತಲೆ ತಗ್ಗಿಸಿದಳು. ಕೈ ಹೆಗಲ ಮೇಲಿನ ಓಢಣಿಗೆ ಹೋಯಿತು.

“ಕೇಳಿಸ್ತಿಲ್ಲ? ಎಷ್ಟು ಅದಾವ?”

“ಗೊತ್ತಿಲ್ರಿ.”

“ನಿಮ್ಮ ಕಾಕಾ ದಿನಾ ಎಣಸ್ತಾನ ಅಂತ ನೀನ ಬರದಿ. ಹರಳು ಜೇಬಿಗೆ ಹಾಕ್ತಾನ ಅಂತಿ. ಮನಿ ಮಗಳಿಗೆ ಗೊತ್ತಿಲ್ಲ?”

ಅವಳು ಓಢಣಿಯನ್ನು ಹೆಗಲಿಗೇ ಒತ್ತಿ ಹಿಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ನನ್ನ ತಲೆಯಲ್ಲಿ ಕುಣಿಯಿತು. ಕಳವು ಸಿಕ್ಕಿತು ಎಂದು ನಿಕ್ಕಿ ಮಾಡಿಕೊಂಡೆ. ಆದರೂ ನ್ಯಾಯವಂತೆ ಎನ್ನಿಸಿಕೊಳ್ಳಬೇಕಲ್ಲ. ಒಂದು ಬಿಳಿ ಹಾಳೆ ಮುಂದಿಟ್ಟು, “ಇಲ್ಲೇ ಕೂಡು, ನನ್ನ ಮುಂದ ಒಂದು ಪುಟ ಬರಿ” ಎಂದೆ. ಎದುರು ಕುರ್ಚಿಯಲ್ಲಿ ಕೂತು ಅವಳ ಪೆನ್ನಿನ ತುದಿಯನ್ನೇ ನೋಡತೊಡಗಿದೆ. ಅವಳು ಮೂರು ಸಾಲು ಬರೆದಳು, ಎರಡು ಹೊಡೆದು ಹಾಕಿದಳು. ಅರ್ಧ ಗಂಟೆ ಕಳೆಯಿತು.

“ಯಾಕ, ಮುಂದ ಬರವಲ್ದು?”

“ನೀವು ನೋಡಾಕತ್ತೀರಿ ಮೇಡಂ” ಎಂದಳು, ಬಹಳ ಮೆಲ್ಲಗೆ.

ಅದನ್ನು ನಾನು ತಪ್ಪೊಪ್ಪಿಗೆ ಎಂದು ತಿಳಿದೆ. ಅಂದೇ ತರಗತಿಯಲ್ಲಿ ಎಲ್ಲರ ಎದುರು ಹೇಳಿದೆ: “ಮಂದಿ ಬರದದ್ದು ತಂದು ನಂದು ಅನ್ನೋರು ವಿಜ್ಞಾನಕ್ಕ ಬ್ಯಾಡ.” ಹೆಸರು ಹೇಳಲಿಲ್ಲ. ಹೇಳುವ ಅವಶ್ಯಕತೆ ಇರಲಿಲ್ಲ. ಇಡೀ ತರಗತಿ ಕೊನೆಯ ಬೆಂಚಿನ ಕಡೆ ತಿರುಗಿತು. ಗೈಡ್ ಇಳಿಸಿದ ಎಂಟು ಮಂದಿಯಲ್ಲಿ ಒಬ್ಬನನ್ನು ಜಿಲ್ಲೆಗೆ ಕಳಿಸಿದೆ. ಅವನು ಕಂಠಪಾಠ ಮಾಡಿದ್ದನ್ನು ಹೇಳಿ, ಭಾಗವಹಿಸಿದ ಪ್ರಮಾಣಪತ್ರ ಹಿಡಿದು ಬಂದ. ಇದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಕದ್ದವನೆಂದು ನನಗೆ ಖಚಿತವಾಗಿ ಗೊತ್ತಿದ್ದವನನ್ನು ಕಳಿಸಿ, ಕದ್ದಳೋ ಇಲ್ಲವೋ ಗೊತ್ತಿಲ್ಲದವಳನ್ನು ತಡೆದಿದ್ದೆ.

ಕಲ್ಲಪ್ಪ ಸರ್ ಅವರಿಗೆ ಸುದ್ದಿ ತಿಳಿದಾಗ ಅವರು ಸಿಟ್ಟಾಗಲಿಲ್ಲ. ಅದೂ ನನಗೆ ನಾಟಕದಂತೆ ಕಂಡಿತು.

“ನಾ ಬರದಕೊಟ್ಟಿಲ್ರಿ ಮೇಡಂ. ನನಗ ಅಷ್ಟು ಬರಂಗಿದ್ರ ನಾ ಇಲ್ಲಿ ಯಾಕ ಇರತಿದ್ದೆ?”

“ನೀವ ಅಂದ್ರ ನಾ ನಂಬಬೇಕಾ?”

“ನಂಬಬ್ಯಾಡ್ರಿ. ಹೋಗಿ ನೋಡೂಣು ಬರ್ರಿ. ಅವರ ಕುರಿ ಈಗ ಅರಭಾವಿ ಬಾಜೂಕ ಒಂದು ಹೊಲದಾಗ ಗೊಬ್ಬರಕ್ಕ ನಿಂತಾವಂತ.”

ಹೋದೆವು. ಸತ್ಯ ತಿಳಿಯಲು ಹೋದೆ ಎಂದರೆ ಸುಳ್ಳಾಗುತ್ತದೆ. ಸರ್, ಹುಡುಗಿ ಇಬ್ಬರ ಸುಳ್ಳನ್ನೂ ಒಟ್ಟಿಗೆ ಹಿಡಿಯಲು ಹೋಗಿದ್ದೆ. ಸೆಪ್ಟೆಂಬರ್‌ನ ಒಂದು ಸಂಜೆ, ಮಳೆ ಆಗಷ್ಟೇ ನಿಂತಿತ್ತು. ಕೆಸರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಕಬ್ಬಿನ ಗದ್ದೆಯಾಚೆ ಖಾಲಿ ಹೊಲದಲ್ಲಿ ಬಲೆ ಸುತ್ತಿ ದಡ್ಡಿ ಮಾಡಿದ್ದರು. ಮಾಳವ್ವ ಅಲ್ಲಿರಲಿಲ್ಲ, ಊರಿನ ಮನೆಯಲ್ಲಿದ್ದಳು. ಅವಳ ಮುತ್ಯಾ ಕಂಬಳಿ ಹೊದ್ದು ಕೋಲಿಗೆ ಗಲ್ಲ ಊರಿ ನಿಂತಿದ್ದ. ದಡ್ಡಿಯ ಬಾಯಲ್ಲಿ ಕಾಕಾ. ಸ್ವಲ್ಪ ಆಚೆ ಕಾಕಾನ ಹೆಂಡತಿ ಒಲೆ ಹೂಡುತ್ತಿದ್ದಳು. ಹಿಂಡು ಇನ್ನೂ ಬರುತ್ತಿತ್ತು.

ನಮಸ್ಕಾರ ಮಾಡಿ, ನಾನು ಮೊದಲು ಕೇಳಿದ್ದೇ ಅದು: “ಎಷ್ಟು ಕುರಿ ಅದಾವ್ರಿ ಅಜ್ಜಾರ?”

ಒಲೆಯ ಹತ್ತಿರ ಹೆಂಗಸಿನ ಕೈ ನಿಂತಿತು. ಕಾಕಾ ಮುಖ ಆಚೆ ತಿರುಗಿಸಿದ. ಮುತ್ಯಾ ಸಿಟ್ಟಾಗಲಿಲ್ಲ, ತಿಳಿಯದ ಮಗುವಿಗೆ ಹೇಳುವಂತೆ ಹೇಳಿದ: “ಅಕ್ಕಾರ, ಅದನ್ನ ಕೇಳಬಾರ್ದು. ನಮ್ಮ ಮನ್ಯಾಗ ಅಂಕಿ ಬಾಯಿಲೆ ಆಡಂಗಿಲ್ಲ. ಆಡಿದ್ರ ಹಿಂಡು ಒಡೀತೈತಿ ಅಂತ ಹಿರ್ಯಾರು ಹೇಳ್ಯಾರ. ಸಾಕಷ್ಟು ಅದಾವ.”

“ಮಾಳವ್ವಗೂ ಹೇಳಂಗಿಲ್ಲೇನ್ರಿ?”

“ಆಕಿಗೆ ಗೊತ್ತೈತಿ. ಹರಳು ಆಕಿನ ಆರಿಸಿ ಕೊಡತಿದ್ಲು. ಆದ್ರ ಯಾರು ಕೇಳಿದ್ರೂ ಆಕಿ ಬಾಯಿ ಬಿಡಾಕಿ ಅಲ್ಲ. ಛಲೋ ಹುಡುಗಿ.”

ಗೊತ್ತಿಲ್ರಿ ಎಂದು ತಲೆ ತಗ್ಗಿಸಿದ ಮುಖ ನನ್ನ ಕಣ್ಣ ಮುಂದೆ ಬಂತು. ಸರ್ ನನ್ನ ಕಡೆ ನೋಡದೆ ಕಬ್ಬಿನ ಗದ್ದೆ ನೋಡುತ್ತಿದ್ದರು.

ಅಷ್ಟರಲ್ಲಿ ಹಿಂಡು ದಡ್ಡಿಯ ಮುಂದೆ ಬಂದು ನಿಂತಿತು. ಒಳಗೆ ಹೋಗಲಿಲ್ಲ. ಮುಂದಿನ ಕುರಿ ಎರಡು ಹೆಜ್ಜೆ ಇಡುತ್ತಿತ್ತು, ಮತ್ತೆ ಹಿಂದೆ ಸರಿದು ಉಳಿದವನ್ನೂ ತಳ್ಳುತ್ತಿತ್ತು. ಕಾಕಾ ಬಾಯಿಂದ ಸದ್ದು ಮಾಡಿ ಕರೆದ. ಬರಲಿಲ್ಲ. ಎಣಿಸಲು ನೆಟ್ಟಗೆ ನಿಂತವನಿಗೆ ಎಣಿಸಲು ಏನೂ ಇರಲಿಲ್ಲ. ಮುತ್ಯಾ ಹಿಂಡನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

“ಅಕ್ಕಾರ, ನೀವು ಒಂದೀಟು ಹಿಂದ ಸರೀರಿ. ನಿಮ್ಮನ್ನ ನೋಡಿ ಬರವಲ್ಲವು.”

ನಾನು ಕೆಸರಲ್ಲಿ ಹಿಂದೆ ಹಿಂದೆ ಸರಿದು ಕಬ್ಬಿನ ಮರೆಗೆ ನಿಂತೆ. ಕುರಿಗಳು ಒಂದರ ಹಿಂದೊಂದು ಒಳಗೆ ಹೋದವು. ಕಾಕಾನ ಕೈ ಜೇಬಿಗೆ ಹೋಗಿ ಬರುತ್ತಿತ್ತು. ಕೊನೆಗೆ ಮುತ್ಯಾ, “ಎಲ್ಲಾ ಬಂದ್ವು” ಎಂದ. ಸ್ವಲ್ಪ ಹೊತ್ತಾದ ಮೇಲೆ ಕಾಕಾ, “ಹೂಂ” ಎಂದ. ಆಮೇಲೆ ಇಬ್ಬರಿಗೂ ಜಗಳ ಹತ್ತಿತು. ನನಗೆ ಮಾತ್ರ ಬಿಳಿ ಹಾಳೆಯ ಮುಂದೆ ಕೂತಿದ್ದ ಹುಡುಗಿ ಕಾಣುತ್ತಿದ್ದಳು. ಹತ್ತು ವರ್ಷ ಬೋರ್ಡಿನ ಮೇಲೆ ಬರೆದು ಕಲಿಸಿದ ಪಾಠ ನನಗೆ ಅರ್ಥವಾದದ್ದು ಆ ಕೆಸರಿನಲ್ಲಿ. ಹೆಗಲು ಮುಟ್ಟಿ ನೋಡಿಕೊಂಡವರೆಲ್ಲ ಕಳ್ಳರಲ್ಲ. ಕಳ್ಳ ಎಂದು ಕೂಗಿದ್ದಕ್ಕೇ ಕೈ ಹೆಗಲಿಗೆ ಹೋಗುತ್ತದೆ.

ಬರುವಾಗ ಬಸ್ಸಿನಲ್ಲಿ ಸರ್, “ನಿಮ್ಮ ಕ್ವಾಂಟಂ ಗೆದ್ದಂಗಾತು” ಎಂದರು. ಗೆದ್ದ ಸುಖ ನನಗಿರಲಿಲ್ಲ. “ತಂಗೀ, ಆ ಹುಡುಗಿ ಮುಂದ ಹೋಗಿ ಎರಡು ಮಾತು ಆಡು” ಎಂದು ಅವರೇ ಮತ್ತೆ ಹೇಳಿದರು. ಮೇಡಂ ಬಿಟ್ಟು ತಂಗಿ ಎಂದದ್ದು ಅದೇ ಮೊದಲು.

ಮರುದಿನ ವರಾಂಡದಲ್ಲಿ ಮಾಳವ್ವನನ್ನು ನಿಲ್ಲಿಸಿದೆ. “ನಿಮ್ಮ ಮುತ್ಯಾನ್ನ ನೋಡಿ ಬಂದೆ. ಅದು ನೀನ ಬರದದ್ದು ಖರೆ. ನಂದ ತಪ್ಪಾತು” ಎಂದೆ. ಅವಳು ಅಳುತ್ತಾಳೆ ಅಥವಾ ನಗುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ನೇರ ನನ್ನ ಕಣ್ಣು ನೋಡಿ ಕೇಳಿದಳು:

“ನೀವು ನೋಡಿ ಬಂದ ಮ್ಯಾಲೆ ಖರೆ ಆತೇನ್ರಿ ಮೇಡಂ? ಮೊದಲ ಖರೆ ಇರಲಿಲ್ಲೇನ್ರಿ?”

ನಾನು ನೋಡುವ ಮೊದಲೂ ಅದು ನಿಜವೇ ಆಗಿತ್ತು, ಸರ್ ಹೇಳುವ ಹೊಳೆಯಂತೆ. ನಾನು ನೋಡಿದ್ದರಿಂದಲೇ ಅವಳ ಪೆನ್ನು ನಿಂತದ್ದೂ ನಿಜ. ಎರಡನ್ನೂ ಒಂದೇ ಹಾಳೆಯ ಮೇಲೆ ಹೇಗೆ ಬರೆಯುವುದೋ ನನಗೆ ಇನ್ನೂ ತಿಳಿದಿಲ್ಲ. ಅವಳ ಹಾಳೆಗಳನ್ನು ಮರಳಿ ಕೊಡಹೋದೆ. ತಲೆಯ ಮೇಲಿನ ಕೆಂಪು ಅಕ್ಷರ ನೋಡಿ, “ನನಗ ಬ್ಯಾಡ್ರಿ” ಎಂದು ಹೋದಳು.

ಅವಳು ಕಾಲೇಜು ಬಿಡಲಿಲ್ಲ, ಫೇಲಾಗಲಿಲ್ಲ. ಒಳ್ಳೆಯ ಅಂಕ ತೆಗೆದಳು. ಮುಂದೆ ಏನು ಓದುತ್ತಿ ಎಂದು ಸರ್ ಕೇಳಿದಾಗ, “ಫಿಸಿಕ್ಸ್ ಒಂದು ಬಿಟ್ಟು ಏನರ ಓದ್ತೀನ್ರಿ” ಎಂದಳಂತೆ. ಅರಭಾವಿಯಲ್ಲಿ ತೋಟಗಾರಿಕೆ ಓದಿದಳು. ಆ ಒಂದು ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿದುಕೊಂಡಿತು. ನಾನು ಮುಂದಿನ ವರ್ಷವೇ ವರ್ಗ ಮಾಡಿಸಿಕೊಂಡು ಹುಕ್ಕೇರಿಗೆ ಬಂದೆ. ಹಾಳೆಗಳೂ ನನ್ನ ಜೊತೆ ಬಂದವು.

ಕಳೆದ ತಿಂಗಳು ಹೊರಟದ್ದು ಅವನ್ನು ಕೊಡಲೆಂದೇ. ಈಗ ನಿವೃತ್ತರಾಗಿ ಗೋಕಾಕದಲ್ಲಿರುವ ಕಲ್ಲಪ್ಪ ಸರ್ ಅವಳ ನಂಬರ್ ಹುಡುಕಿ ಕೊಟ್ಟಿದ್ದರು. ಗೋಕಾಕದಲ್ಲಿ ಬಸ್ಸು ಬದಲಿಸಿ ಅರಭಾವಿಯಲ್ಲಿ ಇಳಿದೆ. ಹತ್ತಿರದ ಒಂದು ನರ್ಸರಿಯಲ್ಲಿ ಅವಳಿಗೆ ಸಸಿ ನೋಡಿಕೊಳ್ಳುವ ಕೆಲಸ. ಹಸಿರು ಪರದೆಯ ಕೆಳಗೆ ದಾಳಿಂಬೆ ಸಸಿಗಳ ನಡುವೆ ನಿಂತಿದ್ದಳು. ಕೈ ತುಂಬ ಮಣ್ಣು. “ಬರ್ರಿ ಮೇಡಂ, ಸೊರಗೀರಿ” ಎಂದಳು. ಆ ಮಾತಿನಲ್ಲಿ ಕೊಂಕು ಏನಾದರೂ ಇದೆಯೇ ಎಂದು ನನ್ನ ಮನಸ್ಸು ಅಲ್ಲೂ ಹುಡುಕಿತು. ಸಿಗಲಿಲ್ಲ.

ಹಾಳೆ ಕೊಟ್ಟೆ. ಕೈ ಒರೆಸಿಕೊಂಡು ನಿಂತಲ್ಲೇ ಪೂರ್ತಿ ಓದಿದಳು. ಕೆಂಪು ಪ್ರಶ್ನೆಯ ಮೇಲೆ ಬೆರಳಾಡಿಸಿ, “ಗಬ್ಬದ ಕುರಿ ಮಾತು ಛಲೋ ಬರದಿದ್ದೆ ಅಲ್ರಿ?” ಎಂದು ನಕ್ಕಳು.

“ಭಾಳ ಛಲೋ ಬರದಿದ್ದಿ. ನಾ ನಿನ್ನ ದಾರಿ ಕೆಡಿಸಿದೆ” ಎಂದೆ.

ಅವಳು ಹಾಳೆಗಳನ್ನು ಮಡಚಿ ಇಟ್ಟುಕೊಂಡಳು. ಮುತ್ಯಾ ತೀರಿಕೊಂಡು ಎರಡು ವರ್ಷವಾಯಿತೆಂದೂ, ಕಾಕಾನ ಕಾಲು ನಡೆಯಲೊಲ್ಲದೆ ಹಿಂಡು ಮಾರಿದರೆಂದೂ ಹೇಳಿದಳು. ದಡ್ಡಿಯ ಬಲೆ ಈಗ ಇದೇ ನರ್ಸರಿಯ ಬೇಲಿಗೆ ಬಂದಿತ್ತು. ನಾನು ಹೊರಡಲು ಎದ್ದಾಗ ತಾನಾಗಿಯೇ ಕೇಳಿದಳು: “ಮೇಡಂ, ಆವತ್ತು ಎಷ್ಟು ಕುರಿ ಅಂತ ಕೇಳಿದ್ರಿ. ನೆನಪೈತಿ?”

“ಅದನ್ನ ಹೆಂಗ ಮರೀಲಿ?”

“ಈಗ ಹಿಂಡ ಇಲ್ಲ. ಒಡಿಯಾಕ ಏನೂ ಉಳಿದಿಲ್ಲ. ಈಗ ಹೇಳಬಹುದ್ರಿ.”

ಸುತ್ತ ಯಾರೂ ಇರಲಿಲ್ಲ. ಆದರೂ ಹತ್ತಿರ ಬಂದು, ಮಣ್ಣಿನ ಕೈ ನನ್ನ ಸೀರೆಗೆ ತಾಗದಂತೆ ಹಿಂದೆ ಹಿಡಿದುಕೊಂಡು, ಕಿವಿಯಲ್ಲಿ ಒಂದು ಅಂಕಿ ಹೇಳಿದಳು. ಏಳು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು, ಅವಳನ್ನು ನಂಬದಿದ್ದ ನನಗೆ ಕೊಟ್ಟಳು. ಸರಿಯೋ ತಪ್ಪೋ ಎಂದು ನಾನು ಅವಳ ಮುಖ ನೋಡಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಕಲ್ಲಪ್ಪ ಸರ್ ಅವರ ಫೋನ್ ಬಂತು. ಎಲ್ಲ ಹೇಳಿದೆ. ಜನ್ಮದಲ್ಲಿ ಯಾರನ್ನೂ ಸಂಶಯಪಡದ ಆ ಮನುಷ್ಯ ತಡೆಯಲಾರದೆ ಕೇಳಿದರು: “ಎಷ್ಟು ಇದ್ವಂತ, ತಂಗಿ?”

“ಸಾಕಷ್ಟು ಇದ್ವಂತರಿ ಸರ್” ಎಂದೆ.